ಒರೆಸದೆ ಉಳಿದ ಅಕ್ಷರಗಳು

೩ ಫೆಬ್ರವರಿ ೨೦೦೫, ಮುಳಬಾಗಿಲು

ಇವತ್ತಿನಿಂದ ಕಂಪ್ಯೂಟರಿನಲ್ಲಿ ಬರೆಯುತ್ತೇನೆ. ಮೂವತ್ತೆಂಟು ವರ್ಷ ನೋಟ್‌ಬುಕ್ಕಿನಲ್ಲಿ ಬರೆದವಳು ನಾನು. ಈಗ ಅಕ್ಷರ ಗೆರೆಯ ಮೇಲೆ ಕೂರುವುದಿಲ್ಲ, ಬರೆದದ್ದರ ಮೇಲೆಯೇ ಮತ್ತೆ ಬರೆದುಬಿಡುತ್ತೇನೆ. ಇಲ್ಲಿ ಅಕ್ಷರವನ್ನು ಬೇಕಾದಷ್ಟು ದೊಡ್ಡದು ಮಾಡಿಕೊಳ್ಳಬಹುದು. ಕೀಲಿಮಣೆಯನ್ನು ನೋಡುವ ಅಗತ್ಯ ನನಗಿಲ್ಲ. ಈ ಊರಿನ ಅರ್ಧ ಗುಮಾಸ್ತರಿಗೆ ಟೈಪ್‌ರೈಟಿಂಗ್ ಕಲಿಸಿದ ಗಂಗರತ್ನಮ್ಮ ನಾನು. ಬೆರಳು ತಾನೇ ದಾರಿ ಹುಡುಕಿಕೊಳ್ಳುತ್ತದೆ.

ಕಂಪ್ಯೂಟರು ಮನೆಯ ಮುಂದಿನ ಕೋಣೆಯಲ್ಲಿದೆ. ಮೊದಲು ಅಲ್ಲಿ ನನ್ನ ಹತ್ತು ಟೈಪ್‌ರೈಟರುಗಳಿದ್ದವು, ಈಗ ಅದು ಡಿಟಿಪಿ ಅಂಗಡಿ. ಮದುವೆ ಪತ್ರಿಕೆ, ಗೃಹಪ್ರವೇಶದ ಪತ್ರಿಕೆ, ತಿಥಿ ಕಾರ್ಡು, ಎಲ್ಲ ಮಾಡುತ್ತೇವೆ. ಹಗಲೆಲ್ಲ ಯಂತ್ರದ ಮುಂದೆ ಸೊಸೆ ಕೂರುತ್ತಾಳೆ. ಹೆಸರು ಚಿತ್ರಾ. ಶ್ರೀನಿವಾಸಪುರದ ಹುಡುಗಿ, ಬಂದು ಎಂಟು ತಿಂಗಳಾಯಿತು. ಅವಳು ಟೈಪ್ ಮಾಡುತ್ತಾಳೆ, ನಾನು ಪ್ರೂಫ್ ನೋಡುತ್ತೇನೆ. ಮಧ್ಯಾಹ್ನ ಊಟವಾದ ಮೇಲೆ ಅವಳು ಮಲಗುವ ಒಂದು ಗಂಟೆ ಮಾತ್ರ ಯಂತ್ರ ನನ್ನದು.

ಅದಕ್ಕೇ ಬೀಗ ಬೇಕಾಯಿತು. ಕಂಪ್ಯೂಟರ್ ಪತ್ರಿಕೆಯ ಜತೆ ಬಂದ ಸಿ.ಡಿ.ಯಲ್ಲಿ ಒಂದು ಬೀಗದ ಪ್ರೋಗ್ರಾಂ ಇತ್ತು. ಬರೆದದ್ದನ್ನೆಲ್ಲ ಯಾರಿಗೂ ಅರ್ಥವಾಗದ ಹಾಗೆ ಕಲಸಿಡುತ್ತದಂತೆ. ಕೋಲಾರದಲ್ಲಿ ಕಂಪ್ಯೂಟರ್ ರಿಪೇರಿ ಮಾಡುವ ನನ್ನ ಹಳೆಯ ಶಿಷ್ಯ ಅರುಣ್‌ಕುಮಾರ್ ಬಂದು ಹಾಕಿಕೊಟ್ಟ. "ಟೀಚರ್, ಪಾಸ್‌ವರ್ಡ್ ಇಲ್ದೆ ಬ್ರಹ್ಮ ಬಂದ್ರೂ ತೆಗೆಯೋಕಾಗಲ್ಲ" ಅಂದ.

ಬ್ರಹ್ಮನಿಗೂ ತಿಳಿಯಬಾರದ ವಿಷಯವೇ ಇದು. ಹೋದ ತಿಂಗಳು ಗೆಳತಿ ಶ್ಯಾಮಲಮ್ಮನ ಮೊಮ್ಮಗನ ನಾಮಕರಣ ಎಂದು ಸುಳ್ಳು ಹೇಳಿ ಕೋಲಾರಕ್ಕೆ ಕಣ್ಣಿನ ಡಾಕ್ಟರ ಹತ್ತಿರ ಹೋಗಿದ್ದೆ. ಗ್ಲಾಕೋಮಾ ಅಂತೆ. ಕಣ್ಣೊಳಗೆ ಒತ್ತಡ ಹೆಚ್ಚಿ ಮೊದಲು ಪಕ್ಕದ ನೋಟ ಹೋಗುತ್ತದೆ, ಆಮೇಲೆ ನಡುವಿನದು. ಹೋದದ್ದು ವಾಪಸ್ ಬರುವುದಿಲ್ಲ. ಬಲಗಣ್ಣು ಆಗಲೇ ಮುಕ್ಕಾಲು ಪಾಲು ಹೋಗಿದೆ. ಬೇಸಿಗೆ ಮುಗಿಯುವುದರೊಳಗೆ ಆಪರೇಷನ್ ಆಗದಿದ್ದರೆ ಎಡಗಣ್ಣೂ ಇಲ್ಲ. ಯಾರಿಗೂ ಹೇಳಿಲ್ಲ. ಹೇಳುವುದೂ ಇಲ್ಲ.

೯ ಫೆಬ್ರವರಿ

ಅಂಗಡಿಯಿಂದ ಹಜಾರಕ್ಕೆ ಇಳಿಯುವ ಮೆಟ್ಟಿಲು ಇವತ್ತು ಮತ್ತೆ ಕೈಕೊಟ್ಟಿತು. ಕಲ್ಲೂ ಬೂದಿ ಬಣ್ಣ, ನೆಲವೂ ಬೂದಿ ಬಣ್ಣ, ಎಲ್ಲಿ ಕಲ್ಲು ಮುಗಿಯಿತು ಎಲ್ಲಿ ನೆಲ ಶುರುವಾಯಿತು ಗೊತ್ತಾಗುವುದಿಲ್ಲ. ಗೋಡೆ ಹಿಡಿದುಕೊಂಡೆ. ಮಗ ವಂಶಿಕೃಷ್ಣ ಕಾಲೇಜಿಗೆ ಹೊರಟಿದ್ದ. ಶ್ರೀನಿವಾಸಪುರದ ಕಾಲೇಜಿನಲ್ಲಿ ಗುಮಾಸ್ತ, ಎಂಟರ ಬಸ್ಸು ತಪ್ಪಿದರೆ ಅವನಿಗೆ ಲೋಕವೇ ಮುಳುಗಿದಂತೆ. "ನಿಧಾನ ಕಣಮ್ಮ" ಎಂದು ಹೇಳಿ ಓಡಿದ.

ಆ ಹುಡುಗಿಯ ಕಾಫಿಯ ವಿಷಯ ಬರೆಯದೆ ಇರಲಾರೆ. ಒಂದೇ ಪುಡಿಗೆ ಎರಡು ಸಲ ನೀರು ಹುಯ್ದು ಅದಕ್ಕೆ ಡಿಕಾಕ್ಷನ್ ಎಂದು ಹೆಸರಿಟ್ಟಿದ್ದಾಳೆ. ಹೇಳಿದರೆ ಅತ್ತೆಯ ದರ್ಬಾರು ಅನ್ನುತ್ತಾರೆ, ಸುಮ್ಮನೆ ಕುಡಿದೆ. ಮಾತೂ ಜಾಸ್ತಿ. ಬಂದು ನನ್ನ ಬಲಗಡೆಯೇ ಕೂತು ಇದ್ದಕ್ಕಿದ್ದಂತೆ ಬಾಯಿ ತೆಗೆಯುತ್ತಾಳೆ. ಆ ಕಡೆ ಯಾರಿದ್ದಾರೆಂದು ನನಗೆ ಕಾಣುವುದಿಲ್ಲವಲ್ಲ, ಬೆಚ್ಚಿಬೀಳುತ್ತೇನೆ. ಆಮೇಲೆ ಬೆಚ್ಚಿದ್ದಕ್ಕೆ ನನಗೇ ಸಿಟ್ಟು ಬರುತ್ತದೆ.

ಯಾಕೆ ಹೇಳುವುದಿಲ್ಲ ಎಂದು ಇಲ್ಲಿ ಬರೆದಿಡುತ್ತೇನೆ. ನನ್ನಮ್ಮ ಕದಿರಮ್ಮನಿಗೂ ಕಡೆಗಾಲದಲ್ಲಿ ಕಣ್ಣು ಹೋಗಿತ್ತು. ಆರು ವರ್ಷ ಹಜಾರದ ಮೂಲೆಯಲ್ಲಿ ಚಾಪೆಯ ಮೇಲೆ ಕೂತಿದ್ದಳು. ಬಂದವರು "ಅವರಿಗೆ ಕಾಫಿ ಕೊಡ್ಬಹುದಾ? ಅವರು ಊಟ ಮಾಡಿದ್ರಾ?" ಎಂದು ನನ್ನನ್ನು ಕೇಳುತ್ತಿದ್ದರು. ಅಮ್ಮ ಎರಡು ಮಾರು ದೂರದಲ್ಲೇ ಇರುತ್ತಿದ್ದಳು. ಅವಳಿಗೆ ಕಿವಿ ಚೆನ್ನಾಗಿತ್ತು, ಬುದ್ಧಿ ನಮ್ಮೆಲ್ಲರಿಗಿಂತ ಚುರುಕಾಗಿತ್ತು. ಆದರೂ ಉತ್ತರ ಹೇಳುತ್ತಿದ್ದವಳು ನಾನು. ಒಂದು ಸಲವೂ "ಅವಳನ್ನೇ ಕೇಳಿ" ಅನ್ನಲಿಲ್ಲ. ಆ ಚಾಪೆ ನನಗೆ ಬೇಡ.

೧೧ ಫೆಬ್ರವರಿ

ಬೆಳಗಿನಿಂದ ಮೂರು ಸಲ ಕರೆಂಟ್ ಹೋಯಿತು. ಯುಪಿಎಸ್ ಬ್ಯಾಟರಿ ಸತ್ತು ಎಷ್ಟು ಕಾಲವಾಯಿತೋ. ಬೀಗ ತೆಗೆದು ಬರೆಯಲು ಕೂತಾಗಲೇ ಪರದೆ ಕಪ್ಪಾಯಿತು. ಕರೆಂಟ್ ಬಂದ ಮೇಲೆ ಸೊಸೆ ಎದ್ದು ಬಂದು ಯಂತ್ರ ಹಚ್ಚಿದಳು. ನಾನು ಒಳಗೆ ಹೋಗಿ ಮಲಗಿದೆ.

೨೧ ಫೆಬ್ರವರಿ

ಸೊಸೆಗೆ ಹುಚ್ಚು ಹಿಡಿದಿದೆ. ಮೆಟ್ಟಿಲಿನ ಅಂಚಿಗೆ ಉದ್ದಕ್ಕೂ ಬಿಳಿ ಪೇಂಟು ಬಳಿದಿದ್ದಾಳೆ. "ಏನೇ ಇದು, ರೋಡಿಗೆ ಹಾಕಿದ ಹಾಗೆ?" ಅಂದೆ. "ರಂಗೋಲಿ ಪುಡಿ ನಿಲ್ಲಲ್ಲ ಅತ್ತೆ, ಪೇಂಟಾದ್ರೆ ಒರೆಸಿದ್ರೂ ಹೋಗಲ್ಲ" ಅಂದಳು. ಒಳಗಿನ ಮೆಟ್ಟಿಲಿಗೆ ರಂಗೋಲಿ ಹಾಕುವುದು ಶ್ರೀನಿವಾಸಪುರದ ಪದ್ಧತಿಯೋ ಏನೋ. ಇರಲಿ, ಕಾಲಿಗೆ ಅನುಕೂಲವಾಗಿದೆ.

ಕಾಫಿಯೂ ಸುಧಾರಿಸಿದೆ. ಪುಡಿ ಅಂಗಡಿಯವನು ಬದಲಾಗಿರಬೇಕು.

ಒಂದು ವಿದ್ಯೆ ಮಾತ್ರ ಅವಳಿಗಿದೆ ಎಂದು ಒಪ್ಪಬೇಕು. ಯಂತ್ರದೊಳಗೆ ನಮ್ಮ ಕನ್ನಡ ಅಕ್ಷರಗಳು ಇಂಗ್ಲಿಷ್ ಅಕ್ಷರ, ಚಿಹ್ನೆಗಳ ವೇಷದಲ್ಲಿ ಕೂತಿರುತ್ತವೆ. ಕನ್ನಡ ಫಾಂಟ್ ಹಾಕಿದರೆ ಕನ್ನಡ, ಹಾಕದಿದ್ದರೆ ಬರೀ ಗೀಚು. ಇವತ್ತು ಪ್ರೆಸ್ಸಿನವನ ಯಂತ್ರದಲ್ಲಿ ಫಾಂಟ್ ಹಾರಿಹೋಗಿ ಒಂದು ಪುಟ ಪೂರ್ತಿ ಗೀಚಾಗಿ ಬಂದಿತ್ತು. ಈ ಹುಡುಗಿ ಆ ಗೀಚನ್ನೇ ಗಡಗಡನೆ ಕನ್ನಡವಾಗಿ ಓದಿಬಿಟ್ಟಳು, ಎಲ್ಲಿ ತಪ್ಪಿದೆಯೆಂದು ಬೆರಳಿಟ್ಟು ತೋರಿಸಿದಳು. ದಿನಕ್ಕೆ ಹತ್ತು ಗಂಟೆ ನೋಡಿ ನೋಡಿ ಬಂದುಬಿಟ್ಟಿದೆಯಂತೆ. ಅವಳು ನನ್ನ ಎಡಗಡೆ ಕೂತಿದ್ದಳು.

೬ ಮಾರ್ಚ್

ತಲೆ ಎತ್ತದಂತಾಗಿದೆ.

ನಮ್ಮ ಅಂಗಡಿಯಲ್ಲಿ ಹೊಸ ಪತ್ರಿಕೆಯನ್ನು ಯಾರೂ ಮೊದಲಿನಿಂದ ಟೈಪ್ ಮಾಡುವುದಿಲ್ಲ. ಹಿಂದಿನ ಮದುವೆಯ ಪತ್ರಿಕೆಯನ್ನೇ ತೆಗೆದು ಅದರ ಮೇಲೆ ಹೆಸರು, ತಾರೀಖು ತಿದ್ದುತ್ತೇವೆ. ಹಳೆಯದು ಎಲ್ಲಾದರೂ ಉಳಿದಿದ್ದರೆ ಹಿಡಿಯುವುದು ಪ್ರೂಫ್ ನೋಡುವವರ ಕೆಲಸ. ವೇಮಗಲ್ಲಿನ ಮುನಿಕೃಷ್ಣಪ್ಪನವರ ಮಗಳ ಪತ್ರಿಕೆಯಲ್ಲಿ ಮುಹೂರ್ತದ ಸಾಲಿನ ಬಲತುದಿಯಲ್ಲಿ ಹಿಂದಿನವರ ಆರತಕ್ಷತೆಯ "ರಾತ್ರಿ" ಹಾಗೆಯೇ ಉಳಿದುಕೊಂಡಿತ್ತು. ಐನೂರು ಪತ್ರಿಕೆ ಹಂಚಿಯಾಗಿದೆ.

ಬಸ್ಸಿಳಿದು ಬಂದವರೇ ಕೌಂಟರಿನ ಮೇಲೆ ಪತ್ರಿಕೆ ಎಸೆದರು. "ಏನಮ್ಮಾ, ನನ್ ಮಗಳಿಗೆ ರಾತ್ರಿ ಹೊತ್ತು ತಾಳಿ ಕಟ್ಟಿಸ್ತೀರಾ? ಬೀಗರು ಫೋನ್ ಮಾಡಿ ನಗ್ತಾವ್ರೆ!"

ನಾನು ಬಾಯಿ ತೆಗೆಯುವುದರೊಳಗೆ ಸೊಸೆ ಎದ್ದಳು. "ತಪ್ಪು ನಂದು ಸಾರ್. ಅತ್ತೆ ಸರಿಯಾಗೇ ತಿದ್ದಿ ಕೊಟ್ಟಿದ್ರು, ನಾನೇ ಹಾಕೋದು ಮರೆತೆ. ಸಂಜೆಯೊಳಗೆ ಐನೂರು ಹೊಸದು ಮಾಡಿಸ್ಕೊಡ್ತೀನಿ. ಬೈಯೋದಿದ್ರೆ ನನಗೆ ಬೈರಿ."

ಅವರು ಬೈದರು. ಚೆನ್ನಾಗಿಯೇ ಬೈದರು. ಅವಳು ತಲೆ ತಗ್ಗಿಸಿ ನಿಂತಿದ್ದಳು. ಪ್ರೂಫ್ ಹಾಳೆ ನನ್ನ ಮೇಜಿನ ಮೇಲೆಯೇ ಇತ್ತು, ನನ್ನ ಸಹಿಯ ಜತೆ. ಅದರಲ್ಲಿ ಒಂದು ಗುರುತೂ ಇರಲಿಲ್ಲ. ಆ ಬಲತುದಿ ನನಗೆ ಕಂಡೇ ಇರಲಿಲ್ಲ.

೭ ಮಾರ್ಚ್

ನಾನು ಸುಮ್ಮನಿದ್ದುಬಿಟ್ಟೆ. ಯಾಕೆ ಹಾಗೆ ಹೇಳಿದೆಯೇ ಎಂದೂ ಅವಳನ್ನು ಕೇಳಲಿಲ್ಲ. ನಾಚಿಕೆಯಾಗುತ್ತಿದೆ. ಇಷ್ಟು ಬರೆಯುವುದರೊಳಗೆ ಕರೆಂಟ್ ಎರಡು ಸಲ ಹೋಗಿ ಬಂತು.

೨೯ ಮಾರ್ಚ್

ಹೋದ ವಾರವೆಲ್ಲ ಚಿತ್ರಾ ಕಣ್ಣು ಉಜ್ಜಿಕೊಳ್ಳುತ್ತಿದ್ದಳು. "ಅತ್ತೆ, ಕಣ್ಣು ಉರಿ ತಡೆಯೋಕಾಗ್ತಿಲ್ಲ. ಕೋಲಾರಕ್ಕೆ ಜತೆಗೆ ಬರ್ತೀರಾ? ಒಬ್ಬಳೇ ಹೋಗೋಕೆ ಭಯ ಆಗ್ತದೆ" ಅಂದಳು. ಪಾಪ, ದಿನವೆಲ್ಲ ಪರದೆ ನೋಡುವವಳು. ಇಲ್ಲ ಅನ್ನುವುದು ಹೇಗೆ?

ದುರದೃಷ್ಟ ನೋಡಿ, ಅದೇ ಆಸ್ಪತ್ರೆ, ಅದೇ ಡಾಕ್ಟರು. ಚಿತ್ರಾ ಮೊದಲು ಒಬ್ಬಳೇ ಒಳಗೆ ಹೋಗಿ ಹತ್ತು ನಿಮಿಷ ಮಾತಾಡಿ ಬಂದಳು. ಆಮೇಲೆ ಡಾಕ್ಟರು, "ಜತೆಗೆ ಬಂದಿರೋರ ಕಣ್ಣೂ ನೋಡಿಬಿಡೋಣ, ಇವತ್ತು ಜನ ಕಮ್ಮಿ" ಅಂದರು. ಹೊರಗೆ ಬೆಂಚು ಖಾಲಿಯಿಲ್ಲದಷ್ಟು ಜನರಿದ್ದರು. ನನ್ನನ್ನು ಮೊದಲ ಸಲ ನೋಡಿದವರಂತೆಯೇ ಹೆಸರು ಕೇಳಿದರು. ದಿನಕ್ಕೆ ನೂರು ಜನರನ್ನು ನೋಡುವವರು, ಮರೆತಿದ್ದಾರೆ, ಬದುಕಿದೆ ಅಂದುಕೊಂಡೆ.

ಬದುಕಲಿಲ್ಲ. ಒತ್ತಡ ಇನ್ನೂ ಏರಿದೆಯಂತೆ. ಎಲ್ಲವನ್ನೂ ಚಿತ್ರಾಳ ಮುಂದೆಯೇ ಹೇಳಿಬಿಟ್ಟರು. ಅವಳು ಅಳಲಿಲ್ಲ, ಅಯ್ಯೋ ಅನ್ನಲಿಲ್ಲ. "ಯಾವತ್ತು ಮಾಡ್ತೀರಾ ಡಾಕ್ಟ್ರೇ?" ಎಂದು ಕೇಳಿದಳು. ಮೇ ಐದು ಎಂದರು.

ಅವಳ ಕಣ್ಣಿಗೆ ಏನೂ ಆಗಿಲ್ಲವಂತೆ. ಬಸ್ಸಿನಲ್ಲಿ ಕಿಟಕಿಯ ಪಕ್ಕ ನನ್ನನ್ನು ಕೂರಿಸಿ ಮುಳಬಾಗಿಲು ಬರುವವರೆಗೂ ನನ್ನ ಕೈ ಹಿಡಿದುಕೊಂಡಿದ್ದಳು. ಬಿಡಿಸಿಕೊಳ್ಳಬೇಕು ಅಂದುಕೊಂಡೆ, ಬಿಡಿಸಿಕೊಳ್ಳಲಿಲ್ಲ.

೨ ಏಪ್ರಿಲ್

ಮನೆಯಲ್ಲಿ ದೊಡ್ಡ ಸಭೆ. ವಂಶಿ ಅತ್ತ. ಆಮೇಲೆ ಕಣ್ಣೊರೆಸಿಕೊಂಡು, "ಇನ್ಮೇಲೆ ನೀನು ಪ್ರೂಫ್ ನೋಡೋದು ಬೇಡಮ್ಮ. ಹಾಯಾಗಿ ಒಂದು ಕಡೆ ಕೂತ್ಕೋ" ಅಂದ. ನನ್ನ ಮಗ ಒಳ್ಳೆಯವನು. ಚಾಪೆ ಹಾಸುವವರೆಲ್ಲ ಒಳ್ಳೆಯವರೇ. ನಾನೂ ಅಮ್ಮನಿಗೆ ಕೆಟ್ಟವಳಾಗಿರಲಿಲ್ಲ.

ಚಿತ್ರಾ ಒಳಗಿನಿಂದಲೇ ಹೇಳಿದಳು: "ಪ್ರೂಫ್ ಅತ್ತೆನೇ ನೋಡ್ಬೇಕು. ನಾನು ದೊಡ್ಡ ಅಕ್ಷರದಲ್ಲಿ ಪ್ರಿಂಟ್ ಹಾಕ್ಕೊಡ್ತೀನಿ. ಅವರಷ್ಟು ತಪ್ಪು ಹಿಡಿಯೋಕೆ ನನಗೆ ಬರಲ್ಲ."

ಆದರೂ ಆಪರೇಷನ್ ಬೇಡ ಎಂದು ಹೇಳಿಬಿಟ್ಟಿದ್ದೇನೆ. ಕತ್ತಿ ತಾಗಿ ಇರುವುದೂ ಹೋದರೆ? ಇರುವಷ್ಟು ದಿನ ಇರಲಿ. ಯಾರು ಏನು ಹೇಳಿದರೂ ಹೋಗುವುದಿಲ್ಲ.

೧೪ ಏಪ್ರಿಲ್

ಇದನ್ನು ಹಳೆಯ ನೋಟ್‌ಬುಕ್ಕಿನಲ್ಲಿ ದಪ್ಪ ಸ್ಕೆಚ್ ಪೆನ್ನಿನಿಂದ ಬರೆಯುತ್ತಿದ್ದೇನೆ. ಪುಟಕ್ಕೆ ಆರು ಸಾಲು ಹಿಡಿಯುತ್ತದೆ.

ಚಿತ್ರಾ ಪ್ರೆಸ್ಸಿಗೆ ಹೋಗಿದ್ದಾಗ ಅರುಣ್‌ಕುಮಾರ್ ಯುಪಿಎಸ್ಸಿಗೆ ಹೊಸ ಬ್ಯಾಟರಿ ಹಾಕಲು ಬಂದ. ಯಂತ್ರ ಆರಿಸಿ ಮತ್ತೆ ಹಚ್ಚಿದಾಗ ಪರದೆಯ ಮೇಲೆ ತಾನಾಗಿಯೇ ಒಂದು ಫೈಲು ತೆರೆದುಕೊಂಡಿತು. ಪೂರ್ತಿ ಗೀಚು. ಅವನು ಹಣೆ ಚಚ್ಚಿಕೊಂಡ.

"ಟೀಚರ್, ಈ ಬೀಗದ ಪ್ರೋಗ್ರಾಂನಲ್ಲಿ ದೋಷ ಇದೆ ಅಂತ ಅದನ್ನ ಮಾಡಿದೋರೇ ಹೋದ ವಾರ ಇಂಟರ್‌ನೆಟ್‌ನಲ್ಲಿ ಹಾಕವ್ರೆ. ಬೀಗ ಗಟ್ಟಿನೇ. ಆದ್ರೆ ನೀವು ಬೀಗ ತೆಗೆದು ಬರೀವಾಗ ಅಕ್ಷರವೆಲ್ಲ ಯಂತ್ರದ ಮೆಮೊರಿಯಲ್ಲಿ ಬಿಚ್ಚಿಕೊಂಡೇ ಇರ್ತವೆ. ಕೆಲಸ ಮುಗಿದ ಮೇಲೆ ಅದನ್ನ ಒರೆಸಬೇಕು. ಇದು ಒರೆಸಲ್ಲ. ಅದು ಅಲ್ಲಿಂದ ಹಾರ್ಡ್ ಡಿಸ್ಕಿಗೆ ಸೋರ್ತದೆ. ಕರೆಂಟ್ ಹೋಗಿ ಬಂದಾಗ ಪತ್ರಿಕೆ ಮಾಡೋ ಪ್ರೋಗ್ರಾಂ, ಕಳೆದುಹೋದ ಕೆಲಸ ಅಂದ್ಕೊಂಡು ಅದನ್ನೆಲ್ಲ ಹೆಕ್ಕಿ ಹೀಗೆ ಫೈಲ್ ಮಾಡಿಡ್ತದೆ."

"ಪ್ರತಿ ಸಲವೂ?"

"ನೀವು ಬೀಗ ತೆಗೆದಿದ್ದ ದಿನವೆಲ್ಲ. ಚಿಂತೆ ಬಿಡಿ ಟೀಚರ್, ಬರೀ ಗೀಚು. ಇದನ್ನ ಯಾರು ಓದ್ತಾರೆ?"

ಯಾರು ಓದುತ್ತಾರೆಂದು ನನಗೆ ಗೊತ್ತು. ನಮ್ಮ ಮನೆಯಲ್ಲಿ ಒಬ್ಬಳಿದ್ದಾಳೆ.

ಕಾಫಿ. ಪೇಂಟು. ಎಡಗಡೆ ಕೂರುವುದು. ಕಣ್ಣುರಿ. ಮುನಿಕೃಷ್ಣಪ್ಪನವರ ಬೈಗುಳ. ಅಮ್ಮನ ವಿಷಯವೂ ಓದಿದ್ದಾಳೆ! ನಾನು ಮೈಮೇಲೆ ಬಟ್ಟೆಯಿಲ್ಲದೆ ಎರಡು ತಿಂಗಳು ಮನೆಯೆಲ್ಲ ಓಡಾಡಿದ ಹಾಗಾಯಿತು. ಅವಳ ಮುಖ ನೋಡಲಾರೆ. ರಾತ್ರಿಯ ಊಟ ಬೇಡ ಅಂದೆ.

೧೭ ಏಪ್ರಿಲ್

ಮೂರು ದಿನ ಮಾತು ಬಿಟ್ಟಿದ್ದೆ. ಇವತ್ತು ಬೆಳಿಗ್ಗೆ ಕಾಫಿ ತಂದಿಟ್ಟಾಗ ಕೇಳಿಯೇಬಿಟ್ಟೆ.

"ಯಾವತ್ತಿಂದ ಓದ್ತಿದೀಯೇ?"

ಅವಳು ಸುಳ್ಳು ಹೇಳಲಿಲ್ಲ. ನೆಲದ ಮೇಲೆ ಕುಕ್ಕರಿಸಿದಳು. "ಫೆಬ್ರವರಿ ಹನ್ನೊಂದರಿಂದ ಅತ್ತೆ. ಅಯ್ಯೋ ದೇವುಡಾ, ಮೊದಲನೇ ಸಲ ನನಗೇನು ಗೊತ್ತು? ಯಾರದೋ ಪತ್ರಿಕೆ ಕಳೆದಿದ್ದು ಸಿಕ್ತು ಅಂದ್ಕೊಂಡೆ. ನಾಲ್ಕು ಸಾಲು ಓದೋದ್ರೊಳಗೆ ನಿಮ್ಮ ಕಣ್ಣಿನ ವಿಷಯ ಬಂತು. ಮುಚ್ಚಬೇಕಿತ್ತು. ಆಗಲಿಲ್ಲ."

"ಆಮೇಲೆ?"

"ಆಮೇಲೆ ಕರೆಂಟ್ ಹೋಗ್ಲಿ ಅಂತ ಕಾಯ್ತಿದ್ದೆ."

ನನಗೆ ನಗು ಬಂತೋ ಸಿಟ್ಟು ಬಂತೋ ತಿಳಿಯದು. "ಬಾಯಿ ಬಿಟ್ಟು ಹೇಳೋಕೇನಾಗಿತ್ತು?"

"ಹೇಳಿದ್ರೆ ನೀವು ಬರೆಯೋದು ನಿಲ್ಲಿಸ್ತಿದ್ರಿ. ಆಗ ನಿಮಗೇನಾಗ್ತಿದೆ ಅಂತ ನನಗೆ ಹೇಗೆ ಗೊತ್ತಾಗ್ಬೇಕು? ನೀವು ಹೇಳೋರಾ? ಎಂಟು ತಿಂಗಳು ನನ್ನ ಹತ್ರ ಸರಿಯಾಗಿ ಮಾತೇ ಆಡಿರಲಿಲ್ಲ. ಅದರಲ್ಲಿ ಓದಿದಾಗಲೇ ಅತ್ತೆ ಇಷ್ಟು ಮಾತಾಡ್ತಾರೆ ಅಂತ ಗೊತ್ತಾಗಿದ್ದು." ಸೆರಗಿನಿಂದ ಮುಖ ಒರೆಸಿಕೊಂಡಳು. "ತಪ್ಪು ಮಾಡಿದೀನಿ. ಬೈರಿ. ಆದ್ರೆ ಆಸ್ಪತ್ರೆಗೆ ಬರಲ್ಲ ಅನ್ಬೇಡಿ. ನಿಮ್ಮನ್ನ ಚಾಪೆ ಮೇಲೆ ಕೂರಿಸೋಕೆ ನಾನು ಬಿಡಲ್ಲ ಅತ್ತೆ."

ಬೈಯಬೇಕು ಎಂದೇ ಮೂರು ದಿನ ಮಾತು ಜೋಡಿಸಿಟ್ಟುಕೊಂಡಿದ್ದೆ. ಒಂದೂ ನೆನಪಾಗಲಿಲ್ಲ. ನನಗೆ ಅಳು ಬಂತು. ಅಮ್ಮ ಸತ್ತಾಗ ಅತ್ತದ್ದಕ್ಕಿಂತ ಹೆಚ್ಚು ಅತ್ತೆ. ಕಾಫಿ ಆರಿಹೋಯಿತು, ಅವಳು ಮತ್ತೆ ಬಿಸಿ ಮಾಡಿಕೊಂಡು ಬಂದಳು.

ಹೋಗುತ್ತೇನೆ ಎಂದು ಹೇಳಿದ್ದೇನೆ. ಒಂದೇ ಒಂದು ಷರತ್ತು ಹಾಕಿದೆ. ಏನಾದರೂ ಆಗಲಿ, ಕಣ್ಣು ಇರಲಿ ಹೋಗಲಿ, ನನ್ನ ವಿಷಯ ಯಾರು ಕೇಳಿದರೂ ನನ್ನನ್ನೇ ಕೇಳಬೇಕು.

೪ ಮೇ

ಅರುಣ್‌ಕುಮಾರ್ ಕೊಟ್ಟ ಹೊಸ ಬೀಗ ಹಾಕಿದ್ದೇವೆ. ಇದು ಒರೆಸುತ್ತದಂತೆ. ಇನ್ನು ಒಂದಕ್ಷರವೂ ಸೋರುವುದಿಲ್ಲ.

ನಾಳೆ ಆಪರೇಷನ್. ಭಯವಾಗಿದೆ. ಇದನ್ನು ಚಿತ್ರಾಳಿಗೆ ಬಾಯಲ್ಲೇ ಹೇಳಿದೆ. "ನನಗೂ ಭಯ ಅತ್ತೆ" ಅಂದಳು. ಇಬ್ಬರೂ ಸೇರಿ ಉಪ್ಪಿನಕಾಯಿಗೆ ಶ್ರೀನಿವಾಸಪುರದ ಮಾವಿನಕಾಯಿ ಹೆಚ್ಚಿದೆವು. ನನ್ನ ಹೋಳುಗಳು ಒಂದು ದೊಡ್ಡದು, ಒಂದು ಚಿಕ್ಕದು. ಅವಳು ಏನೂ ಅನ್ನಲಿಲ್ಲ. ಅಂದಿದ್ದರೂ ಪರವಾಗಿರಲಿಲ್ಲ.

೧೨ ಮೇ

ಹೇಳುತ್ತಿರುವವಳು ಗಂಗರತ್ನಮ್ಮ. ಟೈಪ್ ಮಾಡುತ್ತಿರುವವಳು ಚಿತ್ರಾ. ಹದಿನೈದು ದಿನ ಪರದೆಯ ಮುಂದೆ ಕೂರಬಾರದು ಎಂದು ಡಾಕ್ಟರ ಅಪ್ಪಣೆ. ಆದ್ದರಿಂದ ಪಾಸ್‌ವರ್ಡನ್ನು ಇವಳಿಗೆ ಹೇಳಬೇಕಾಯಿತು. ನನ್ನ ಯಜಮಾನರ ಹೆಸರು, ನಾರಾಯಣ. ಅವರಿದ್ದಾಗ ಒಂದು ದಿನವೂ ಬಾಯಲ್ಲಿ ಹೇಳಿರಲಿಲ್ಲ. ಹೇಳುವಾಗ ನಾಚಿಕೆಯಾಯಿತು. ಇವಳು ನಕ್ಕಳು.

ಆಪರೇಷನ್ನಿಗೆ ಮುಂಚೆ ನರ್ಸಮ್ಮ ಬಂದು ನನ್ನನ್ನು ಬಿಟ್ಟು ಇವಳ ಕಡೆ ತಿರುಗಿ, "ಅಜ್ಜಿಗೆ ಶುಗರ್ ಇದೆಯಾ? ಬೆಳಿಗ್ಗೆ ಏನಾದ್ರೂ ತಿಂದವ್ರಾ?" ಅಂದಳು. ಇವಳು, "ಅವರಿಗೆ ಕಿವಿ ಚೆನ್ನಾಗಿದೆ. ಅವರನ್ನೇ ಕೇಳಿ" ಅಂದಳು. ನರ್ಸಮ್ಮ ಕಕ್ಕಾಬಿಕ್ಕಿಯಾದಳು. ನಾನು ಉತ್ತರ ಹೇಳಿದೆ. ಅಮ್ಮನಿಗೆ ನಾನು ಆಡದೆ ಉಳಿಸಿಕೊಂಡಿದ್ದ ಮಾತು ಅದು. ಮಂಚದ ಮೇಲೆ ಮಲಗಿ ಒಳಗೆ ಹೋಗುವಾಗ ಅದನ್ನೇ ನೆನೆಸಿಕೊಳ್ಳುತ್ತಿದ್ದೆ.

ಮರುದಿನ ಪಟ್ಟಿ ಬಿಚ್ಚಿದರು. ಮೊದಲು ಬರೀ ಬೆಳಕು. ಆಮೇಲೆ ನೀರು ತುಂಬಿದ ಹಾಗೆ ಒಂದು ಆಕಾರ. ಡಾಕ್ಟರು ಬಗ್ಗಿ, "ಏನು ಕಾಣ್ತಿದೆ ಹೇಳೀಮ್ಮ" ಅಂದರು. ವಂಶಿ ಪಕ್ಕದಲ್ಲೇ ನಿಂತಿದ್ದ. ನಾನು ಸ್ವಲ್ಪ ಹೊತ್ತು ನೋಡಿ, "ನನ್ನ ಸೊಸೆ ಕುಂಕುಮ ಸೊಟ್ಟಗಿಟ್ಟುಕೊಂಡಿದಾಳೆ" ಅಂದೆ.

ಡಾಕ್ಟರು ನಕ್ಕುಬಿಟ್ಟರು. ಹೋದದ್ದು ಹೋಯಿತು, ಉಳಿದದ್ದು ಉಳಿಯುತ್ತದೆ ಅಂದರು. ಉಳಿದದ್ದು ಹೆಚ್ಚೇನಿಲ್ಲ, ಒಬ್ಬರ ಮುಖ ಹಿಡಿಯುವಷ್ಟು. ಪ್ರೂಫ್ ನೋಡಲು ಸಾಕು, ಒಂದೊಂದೇ ಪದ ನೋಡಿದರಾಯಿತು. ಆ ಸೊಟ್ಟ ಕುಂಕುಮ ಇವಳು ರಾತ್ರಿಯೆಲ್ಲ ಬೆಂಚಿನ ಮೇಲೆ ಕೂತು ಕನ್ನಡಿಯಿಲ್ಲದೆ ಇಟ್ಟುಕೊಂಡದ್ದು ಎಂದು ವಂಶಿ ಆಮೇಲೆ ಹೇಳಿದ. ನನಗೆ ಹೆಣ್ಣುಮಕ್ಕಳಿಲ್ಲ ಎಂದು ಮೂವತ್ತು ವರ್ಷ ಅಂದುಕೊಂಡಿದ್ದೆ. ಇನ್ನು ಅನ್ನುವುದಿಲ್ಲ.

ಇಲ್ಲಿಗೆ ಬಂದು ಇವಳು ಟೈಪ್ ಮಾಡುವುದನ್ನು ನಿಲ್ಲಿಸಿ ಮೂಗು ಒರೆಸಿಕೊಳ್ಳುತ್ತಿದ್ದಾಳೆ. ಅದನ್ನೂ ಹಾಕೇ ಅಂದೆ. ಹಾಕಿದ್ದಾಳೆ.